ಐದು ಗೆಲುವು, ಐದು ಸೋಲು: ನೆಬ್ರಾಸ್ಕಾಗೆ ಈ ವರ್ಷವಾದ್ರೂ ಬೌಲ್ ಸಿಗುತ್ತಾ?

ಲಿಂಕನ್_ಕನ್ನಡಿಗ | 18 ನವೆಂಬರ್ 2024

ಇಲ್ಲಿ ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರು ಎಷ್ಟು ಜನ ಇದ್ದೀರೋ ಗೊತ್ತಿಲ್ಲ, ಆದ್ರೂ ಕೇಳುತ್ತೇನೆ. ನಮ್ಮ ನೆಬ್ರಾಸ್ಕಾ ಯೂನಿವರ್ಸಿಟಿ ತಂಡ ಈಗ 5-5. ಮೊದಲ ಆರು ಆಟದಲ್ಲಿ ಐದು ಗೆದ್ದಿದ್ದರು. ಆಮೇಲೆ ಸಾಲಾಗಿ ನಾಲ್ಕು ಹೋಯಿತು. ಇಂಡಿಯಾನಾ 56-7 ಅಂತ ಚಚ್ಚಿ ಹಾಕಿತು. ಓಹಾಯೊ ಸ್ಟೇಟ್ ಎದುರು 21-17, ಅದು ಗೆಲ್ಲಬಹುದಿದ್ದ ಆಟ. ಯುಸಿಎಲ್‌ಎ 27-20. ಮೊನ್ನೆ ಶನಿವಾರ ಯುಎಸ್‌ಸಿ 28-20.

ಉಳಿದಿರುವುದು ಎರಡೇ. 23ಕ್ಕೆ ಇಲ್ಲೇ ಲಿಂಕನ್‌ನಲ್ಲಿ ವಿಸ್ಕಾನ್ಸಿನ್. 29ಕ್ಕೆ ಅಯೋವಾದವರ ಊರಿಗೇ ಹೋಗಿ ಅಯೋವಾ ಜೊತೆ. ಒಂದಾದ್ರೂ ಗೆದ್ದರೆ ಆರು ಗೆಲುವು, ಬೌಲ್‌ಗೆ, ಅಂದ್ರೆ ಸೀಸನ್ ಮುಗಿದ ಮೇಲೆ ಆಡಿಸುವ ಒಂದು ವಿಶೇಷ ಆಟಕ್ಕೆ, ಅರ್ಹತೆ. ಕೊನೆಯ ಸಲ ಬೌಲ್ ಆಡಿದ್ದು 2016ರ ಸೀಸನ್‌ನಲ್ಲಿ. ಮ್ಯೂಸಿಕ್ ಸಿಟಿ ಬೌಲ್, ಟೆನೆಸಿ ಕೈಲಿ 38-24 ಸೋಲು. ಅಲ್ಲಿಂದ ಈಚೆಗೆ ಏನೂ ಇಲ್ಲ.

ಹೋದ ವರ್ಷ ಇದೇ ಕಥೆ. 5-3 ಇದ್ದರು, ಇನ್ನೊಂದೇ ಒಂದು ಸಾಕಿತ್ತು. ಮಿಚಿಗನ್ ಸ್ಟೇಟ್ 20-17, ಮೇರಿಲ್ಯಾಂಡ್ 13-10, ವಿಸ್ಕಾನ್ಸಿನ್ ಓವರ್‌ಟೈಮ್‌ನಲ್ಲಿ 24-17, ಅಯೋವಾ 13-10. ನಾಲ್ಕಕ್ಕೆ ನಾಲ್ಕೂ ಸೋತರು. ಹಾಗಾಗಿ ಈ ಸಲ ಎದೆ ಡವಡವ ಅನ್ನುತ್ತಿದೆ.

ಎರಡು ಪ್ರಶ್ನೆ. ಆರನೇ ಗೆಲುವು ಬರುತ್ತದೆ ಅನಿಸುತ್ತಾ? ಎರಡೂ ಸೋತು 5-7 ಆದರೆ ಬೇರೆ ದಾರಿ ಏನಾದ್ರೂ ಇದೆಯಾ?

ಪರ್ಡ್ಯೂ_ಪುಟ್ಟ | 18 ನವೆಂಬರ್

5-5 ಅಂತ ಅಳಬೇಡಿ ಸರ್. ನಾವು 1-9.

ಡಲ್ಲಾಸ್_ಗೌಡ | 18 ನವೆಂಬರ್

ವಿಸ್ಕಾನ್ಸಿನ್ ಗೆಲ್ಲುತ್ತೆ. ನೆಬ್ರಾಸ್ಕಾ ಅವರನ್ನು 2012ರಿಂದ ಒಮ್ಮೆಯೂ ಸೋಲಿಸಿಲ್ಲ. ಸಾಲಾಗಿ ಹತ್ತು ಸೋಲು. ಇದಕ್ಕಿಂತ ಜಾಸ್ತಿ ಏನು ಹೇಳಬೇಕು?

ಬ್ಯಾಜರ್_ಭಾಗ್ಯ | 18 ನವೆಂಬರ್

ಗೌಡ್ರೆ, ನಾನು ಮ್ಯಾಡಿಸನ್‌ನಲ್ಲೇ ಇರೋದು, ನನಗೇ ಅಷ್ಟು ಧೈರ್ಯ ಇಲ್ಲ. ನಾವೂ 5-5. ಪೆನ್ ಸ್ಟೇಟ್, ಅಯೋವಾ, ಆರೆಗನ್, ಮೂರೂ ಸೋತು ಬರುತ್ತಿದ್ದೇವೆ. ಆರೆಗನ್ ನಂಬರ್ ಒನ್ ತಂಡ, ಅವರನ್ನು 16 ಪಾಯಿಂಟ್‌ಗೆ ಕಟ್ಟಿ ಹಾಕಿದರು ನಮ್ಮ ಡಿಫೆನ್ಸ್‌ನವರು. ನಮಗೆ ಬಂದಿದ್ದು 13. ಮರುದಿನವೇ ಆಫೆನ್ಸ್ (ಪಾಯಿಂಟ್ ಗಳಿಸುವ ಪಡೆ) ಕೋಆರ್ಡಿನೇಟರ್ ಫಿಲ್ ಲಾಂಗೊ ಅವರನ್ನು ಕೋಚ್ ಫಿಕಲ್ ಮನೆಗೆ ಕಳಿಸಿದರು. ಸೀಸನ್‌ನಲ್ಲಿ ಎರಡು ಆಟ ಇರುವಾಗ!

ನಮ್ಮದು 22 ಸೀಸನ್‌ನಿಂದ ಒಂದೂ ತಪ್ಪದೆ ಬೌಲ್ ಆಡಿದ ತಂಡ. ನಿಮಗೆ ಬರ ಮುಗಿಯಬೇಕು, ನಮಗೆ ಸಾಲು ಮುರಿಯಬಾರದು. ಶನಿವಾರ ಯಾರಾದ್ರೂ ಒಬ್ಬರ ಮನೆಯಲ್ಲಿ ಅಳು ಖಂಡಿತ.

ಮಲ್ಲೇಶ್ವರಂ_ಮಿಡ್ಲ್‌ಆರ್ಡರ್ | 18 ನವೆಂಬರ್

ಬೆಂಗಳೂರಿಂದ ಕೇಳುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ಹನ್ನೆರಡರಲ್ಲಿ ಆರು ಸೋತ ತಂಡಕ್ಕೆ ಯಾಕೆ ಇನ್ನೊಂದು ಆಟ ಕೊಡುತ್ತಾರೆ? ಅದು ಬಹುಮಾನವಾ?

ಬ್ಲ್ಯಾಕ್ಸ್‌ಬರ್ಗ್_ಭಟ್ಟ | 18 ನವೆಂಬರ್

ಒಳ್ಳೆ ಪ್ರಶ್ನೆ. ಮೇಲಿನ ದರ್ಜೆಯಲ್ಲಿ ಈ ವರ್ಷ 134 ಕಾಲೇಜು ತಂಡಗಳಿವೆ. ಎಲ್ಲರೂ ಎಲ್ಲರ ಜೊತೆ ಆಡಲು ಸಾಧ್ಯವೇ ಇಲ್ಲ. ಒಬ್ಬೊಬ್ಬರಿಗೆ 12 ಆಟ, ಅಷ್ಟೇ. ಚಾಂಪಿಯನ್ ಯಾರು ಅನ್ನೋದಕ್ಕೆ ಪ್ಲೇಆಫ್ ಇದೆ. 2014ರಿಂದ ನಾಲ್ಕು ತಂಡ ಇತ್ತು, ಈ ವರ್ಷದಿಂದ ಹನ್ನೆರಡು. ಉಳಿದವರಿಗೆ ಡಿಸೆಂಬರ್ ಮಧ್ಯದಿಂದ ಜನವರಿ ಮೊದಲ ವಾರದವರೆಗೆ ಬೇರೆ ಬೇರೆ ಊರಿನಲ್ಲಿ ಒಂದೊಂದು ಆಟ. ಅದೇ ಬೌಲ್. ಗೆದ್ದರೆ ಒಂದು ಟ್ರೋಫಿ, ಮುಂದಿನ ಸುತ್ತು ಅಂತ ಇಲ್ಲ.

ಲೆಕ್ಕ ಹೀಗೆ: ಪ್ಲೇಆಫ್‌ಗೆ ಸೇರದ 35 ಬೌಲ್, ತಲಾ ಎರಡು ತಂಡ, 70 ಆಯಿತು. ಪ್ಲೇಆಫ್ 12 ಸೇರಿದರೆ 82 ಜಾಗ. ಆರು ಗೆದ್ದು, ಗೆಲುವಿಗಿಂತ ಸೋಲು ಜಾಸ್ತಿ ಇರದಿದ್ದರೆ ಅರ್ಹತೆ. 12ನೇ ಆಟ 2006ರಲ್ಲಿ ಕಾಯಂ ಆದಾಗಿನಿಂದ 6-6 ನಡೆಯುತ್ತಿದೆ.

ಅರ್ಹತೆ ಬಂತು ಅಂದ ಮಾತ್ರಕ್ಕೆ ಇಂಥದ್ದೇ ಬೌಲ್ ಅಂತ ಇಲ್ಲ. ಒಂದೊಂದು ಬೌಲ್‌ಗೂ ಒಂದೊಂದು ಕಾನ್ಫರೆನ್ಸ್ (ತಂಡಗಳ ಗುಂಪು) ಜೊತೆ ಒಪ್ಪಂದ ಇರುತ್ತದೆ. ಯಾವ ತಂಡ ಬಂದರೆ ಸ್ಟೇಡಿಯಂ ತುಂಬುತ್ತೆ, ಟಿವಿಯಲ್ಲಿ ಜನ ನೋಡುತ್ತಾರೆ, ಇದೆಲ್ಲ ಅಳೆದು ಕರೆಯುತ್ತಾರೆ. ಆ ವಿಷಯದಲ್ಲಿ ನೆಬ್ರಾಸ್ಕಾಗೆ ಚಿಂತೆಯೇ ಇಲ್ಲ. ಅವರ ಜನ ಎಲ್ಲಿಗೆ ಬೇಕಾದ್ರೂ ಹೋಗುತ್ತಾರೆ.

ಲಿಂಕನ್_ಕನ್ನಡಿಗ | 18 ನವೆಂಬರ್

@ಮಲ್ಲೇಶ್ವರಂ, ಈ ವರ್ಷ ಮೇ 18 ನೆನಪಿದೆ ಅಲ್ವಾ? ಆರ್‌ಸಿಬಿ ಮೊದಲ ಎಂಟರಲ್ಲಿ ಒಂದೇ ಗೆದ್ದು, ಆಮೇಲೆ ಐದು ಗೆದ್ದು, ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು ಕನಿಷ್ಠ 18 ರನ್‌ನಿಂದ ಸೋಲಿಸಬೇಕಿತ್ತು. 27 ರನ್‌ನಿಂದ ಗೆದ್ದರು. ಅವತ್ತು ಕಪ್ ಬರಲಿಲ್ಲ. ಆದ್ರೂ ಬೆಂಗಳೂರು ರಾತ್ರಿಯೆಲ್ಲ ಮಲಗಲಿಲ್ಲ. ನಮಗೆ ಆ ಆರನೇ ಗೆಲುವು ಅದೇ ಥರ.

ಮಲ್ಲೇಶ್ವರಂ_ಮಿಡ್ಲ್‌ಆರ್ಡರ್ | 18 ನವೆಂಬರ್

ಈಗ ಪೂರ್ತಿ ಅರ್ಥವಾಯಿತು. ಶನಿವಾರ ನಾನೂ ನಿಮ್ಮ ಪಾರ್ಟಿ.

ಆಸ್ಟಿನ್_ಆರಾಮ್ | 19 ನವೆಂಬರ್

ಹೇಳಲೇಬೇಕು, ಈ ಸಣ್ಣ ಬೌಲ್‌ಗಳಿಗೆ ಈಗ ಅರ್ಥವೇ ಇಲ್ಲ. ಪ್ಲೇಆಫ್ ಬಿಟ್ಟು ಉಳಿದದ್ದೆಲ್ಲ ಸುಮ್ನೆ ಟಿವಿ ತುಂಬಿಸೋಕೆ. 2016ರಲ್ಲಿ ಸ್ಟಾರ್ ಆಟಗಾರರಾದ ಮೆಕ್‌ಕ್ಯಾಫ್ರಿ, ಫೋರ್ನೆಟ್ ಇಬ್ಬರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಬೇಕು, ಗಾಯ ಆದರೆ ಕಷ್ಟ ಅಂತ ಬೌಲ್ ಆಡಲಿಲ್ಲ. ಅವತ್ತು ದೊಡ್ಡ ಗಲಾಟೆ ಆಯಿತು. ಈಗ ಎಲ್ಲರೂ ಅದನ್ನೇ ಮಾಡುತ್ತಾರೆ, ಯಾರೂ ಕೇಳೋದಿಲ್ಲ. ಮೇಲಿಂದ ಕಾಲೇಜು ಬದಲಾಯಿಸುವ ಆಟಗಾರರು ಹೆಸರು ಕೊಡುವ ಟ್ರಾನ್ಸ್‌ಫರ್ ಪೋರ್ಟಲ್ ಈ ವರ್ಷ ಡಿಸೆಂಬರ್ 9ಕ್ಕೆ ತೆರೆಯುತ್ತೆ. ಬೌಲ್ ದಿನ ಬರುವ ಹೊತ್ತಿಗೆ ಅರ್ಧ ತಂಡ ಬೇರೆ ಕಾಲೇಜಿಗೆ ಮಾತು ಕೊಟ್ಟಾಗಿರುತ್ತದೆ.

ಹೋದ ಸೀಸನ್ನಿನ ಆರೆಂಜ್ ಬೌಲ್ ನೋಡಿ. ಫ್ಲೋರಿಡಾ ಸ್ಟೇಟ್ 13-0 ಇದ್ದು ಪ್ಲೇಆಫ್‌ಗೆ ಕರೆ ಬರಲಿಲ್ಲ. ಹುಡುಗರು ಬಿಟ್ಟು ಹೋದರು. ಜಾರ್ಜಿಯಾ 63-3 ಹೊಡೆಯಿತು. ಇದನ್ನ ಆಟ ಅಂತೀರಾ?

ಬ್ಯಾಜರ್_ಭಾಗ್ಯ | 19 ನವೆಂಬರ್

ಟೆಕ್ಸಸ್‌ನವರಿಗೆ ಹಾಗೇ ಅನಿಸುತ್ತೆ, ಯಾಕಂದ್ರೆ ನೀವು ಪ್ಲೇಆಫ್ ಆಡುವ ತಂಡ. ಎನ್‌ಎಫ್‌ಎಲ್‌ಗೆ ಹೋಗದ ಹುಡುಗನ ಕಡೆಯಿಂದ ನೋಡಿ. ನಾಲ್ಕೈದು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ತೂಕ ಎತ್ತಿದವನು, ಆಟಕ್ಕೆ ಇಳಿದಿದ್ದೇ ಕಮ್ಮಿ. ಅವನ ಜೀವನದ ಕೊನೆಯ ಆಟ ಅದು. ಅಪ್ಪ ಅಮ್ಮ ವಿಮಾನ ಹತ್ತಿ ಬರುತ್ತಾರೆ.

ಇನ್ನೊಂದು, ಬೌಲ್ ಸಿಕ್ಕಿತು ಅಂದ್ರೆ ಡಿಸೆಂಬರ್ ತುಂಬ ಪ್ರಾಕ್ಟೀಸ್ ಸಿಗುತ್ತದೆ. ಸುಮಾರು ಹದಿನೈದು ದಿನದ್ದು. ಸಿಗದವರು ನವೆಂಬರ್ ಕೊನೆಗೆ ಬಾಗಿಲು ಹಾಕುತ್ತಾರೆ. ಮೊದಲ ವರ್ಷದ ಹುಡುಗರಿಗೆ ಅದು ಎಷ್ಟು ದೊಡ್ಡದು ಅಂತ ಯಾವ ಕೋಚ್ ಬಳಿ ಬೇಕಾದ್ರೂ ಕೇಳಿ.

ಆಸ್ಟಿನ್_ಆರಾಮ್ | 19 ನವೆಂಬರ್

ಪ್ರಾಕ್ಟೀಸ್ ಬೇಕಿದ್ದರೆ ಪ್ರಾಕ್ಟೀಸ್ ಕೊಡಲಿ. ಅದಕ್ಕೆ ಒಂದು ಮೇಯನೇಸ್ ಕಂಪನಿ ಹೆಸರಿನ ಆಟ ಬೇಕಾ?

ಬ್ಲ್ಯಾಕ್ಸ್‌ಬರ್ಗ್_ಭಟ್ಟ | 19 ನವೆಂಬರ್

ಬೇಕು. ಆ ಮೇಯೊ ಬೌಲ್ ನನಗೆ ಬಲು ಇಷ್ಟ. ಗೆದ್ದ ಕೋಚ್ ತಲೆ ಮೇಲೆ ಒಂದು ಬಕೆಟ್ ಮೇಯನೇಸ್ ಸುರಿಯುತ್ತಾರೆ.

ಸರಿ, ಲಿಂಕನ್ ಅವರ ಎರಡನೇ ಪ್ರಶ್ನೆಗೆ ಬರೋಣ. 5-7ಕ್ಕೂ ದಾರಿ ಇದೆ. ಆರು ಗೆದ್ದವರು 82 ಜನ ಆಗದಿದ್ದರೆ ಉಳಿದ ಜಾಗಕ್ಕೆ 5-7 ತಂಡಗಳನ್ನು ಕರೆಯುತ್ತಾರೆ. ಅವರೊಳಗೆ ಸರದಿ ಹೇಗೆ? ಆಟದ ಮೇಲಲ್ಲ, ಓದಿನ ಮೇಲೆ. ಎಪಿಆರ್ ಅಂತ ಒಂದು ಅಂಕ ಇದೆ, ಸಾವಿರಕ್ಕೆ ಇಷ್ಟು ಅಂತ. ಆಟಗಾರರು ಕಾಲೇಜು ಬಿಡದೆ ಉಳಿದಿದ್ದಾರಾ, ಪಾಸಾಗುತ್ತಿದ್ದಾರಾ ಅನ್ನೋದನ್ನು ಅದು ಅಳೆಯುತ್ತದೆ. ಜಾಸ್ತಿ ಅಂಕ ಇದ್ದವರಿಗೆ ಮೊದಲ ಕರೆ.

2015ರಲ್ಲಿ ಹೀಗೆ ಮೂರು ತಂಡ ಹೋದವು. ನೆಬ್ರಾಸ್ಕಾ, ಮಿನೆಸೋಟಾ, ಸ್ಯಾನ್ ಹೋಸೆ ಸ್ಟೇಟ್. ಮೂರೂ ಗೆದ್ದವು! ನಿಮ್ಮ ನೆಬ್ರಾಸ್ಕಾ ಯುಸಿಎಲ್‌ಎಯನ್ನು 37-29 ಸೋಲಿಸಿತು. ಹೋದ ವರ್ಷ ಮಿನೆಸೋಟಾ 5-7 ಇದ್ದು ಡೆಟ್ರಾಯಿಟ್‌ಗೆ ಹೋಗಿ ಬೌಲಿಂಗ್ ಗ್ರೀನ್ ಮೇಲೆ 30-24 ಗೆದ್ದಿತು.

ಡಲ್ಲಾಸ್_ಗೌಡ | 19 ನವೆಂಬರ್

ಇದು ತಪ್ಪು ನಿಯಮ. ಏಳು ಸೋತವರನ್ನು ಕರೆಯೋದಕ್ಕಿಂತ ಆ ಬೌಲ್ ಒಂದನ್ನು ರದ್ದು ಮಾಡಲಿ.

ಟೆಂಪಿ_ತೇಜು | 19 ನವೆಂಬರ್

ಓದಿನ ಲೆಕ್ಕ ಹಿಡಿಯೋದು ತಪ್ಪಾ ಗೌಡ್ರೆ? ಕಾಲೇಜು ಆಟ ಅಂದ ಮೇಲೆ ಎಲ್ಲೋ ಒಂದು ಕಡೆ ಓದು ಲೆಕ್ಕಕ್ಕೆ ಬರಲಿ ಬಿಡಿ.

ಡಲ್ಲಾಸ್_ಗೌಡ | 19 ನವೆಂಬರ್

ಓದಿಗೆ ಸ್ಕಾಲರ್‌ಶಿಪ್ ಕೊಡಲಿ. ಬೌಲ್ ಗೆದ್ದವರಿಗೆ.

ನ್ಯಾಶ್‌ವಿಲ್_ನಾಯಕ | 19 ನವೆಂಬರ್

ಬೌಲ್‌ಗೆ ಅರ್ಥ ಇಲ್ಲ ಅನ್ನುವವರು ಒಂದು ದಿನ ನಮ್ಮೂರಿಗೆ ಬನ್ನಿ. ವ್ಯಾಂಡರ್‌ಬಿಲ್ಟ್ ಹೋದ ವರ್ಷ 2-10. ಈ ವರ್ಷ ಅಕ್ಟೋಬರ್ 5ರಂದು ನಂಬರ್ ಒನ್ ಅಲಬಾಮಾವನ್ನು 40-35 ಸೋಲಿಸಿತು. ಹುಡುಗರು ಗೋಲ್‌ಪೋಸ್ಟ್ ಕಿತ್ತು, ಹೆಗಲ ಮೇಲೆ ಹೊತ್ತು, ಸ್ಟೇಡಿಯಂನಿಂದ ಪೇಟೆ ಬೀದಿಯಲ್ಲಿ ಮೆರವಣಿಗೆ ಮಾಡಿ ಕಂಬರ್‌ಲ್ಯಾಂಡ್ ನದಿಗೆ ಎಸೆದರು. ನಾನು ಬ್ರಾಡ್‌ವೇಯಲ್ಲಿ ನಿಂತಿದ್ದೆ. ಹಳದಿ ಕಂಬ ಜನರ ತಲೆ ಮೇಲೆ ತೇಲಿಕೊಂಡು ಬರುತ್ತಿತ್ತು, ಟೂರಿಸ್ಟ್‌ಗಳು ಏನಾಗುತ್ತಿದೆ ಅಂತ ಗೊತ್ತಾಗದೆ ಚಪ್ಪಾಳೆ ತಟ್ಟುತ್ತಿದ್ದರು, ಪೊಲೀಸರು ಟ್ರಾಫಿಕ್ ನಿಲ್ಲಿಸಿ ದಾರಿ ಬಿಟ್ಟರು.

ಆದರೆ ನನ್ನ ಪಕ್ಕದ ಮನೆಯ ಹಳೆ ವಿದ್ಯಾರ್ಥಿ ಅಜ್ಜ ಅವತ್ತಿಗಿಂತ ಜಾಸ್ತಿ ಖುಷಿಪಟ್ಟಿದ್ದು ನವೆಂಬರ್ 2ಕ್ಕೆ. ಆಬರ್ನ್ ಮೇಲೆ 17-7. ಅದು ಆರನೇ ಗೆಲುವು. 2018ರ ನಂತರ ಮೊದಲ ಬೌಲ್.

ಆನ್‌ಆರ್ಬರ್_ರಾಯರು | 19 ನವೆಂಬರ್

ನಮ್ಮನ್ನೂ ಸೇರಿಸಿಕೊಳ್ಳಿ. ಹೋದ ಜನವರಿಯಲ್ಲಿ ದೇಶಕ್ಕೇ ಚಾಂಪಿಯನ್, ಈಗ ಮಿಚಿಗನ್ 5-5. ಈ ವಾರ ನಾರ್ತ್‌ವೆಸ್ಟರ್ನ್ ನಮ್ಮಲ್ಲಿಗೆ ಬರುತ್ತದೆ. ಅದನ್ನು ಗೆಲ್ಲದಿದ್ದರೆ ಮುಂದಿನ ವಾರ ಕೊಲಂಬಸ್‌ನಲ್ಲಿ ಓಹಾಯೊ ಸ್ಟೇಟ್. ಅಲ್ಲಿ ಗೆಲ್ಲುವ ಮಾತು ಈ ವರ್ಷ ಎತ್ತುವ ಹಾಗಿಲ್ಲ.

ಪರ್ಡ್ಯೂ_ಪುಟ್ಟ | 19 ನವೆಂಬರ್

ರಾಯರೇ, ಚಾಂಪಿಯನ್ ಆದ ಮೇಲೆ ಹತ್ತು ವರ್ಷ ದೂರಬಾರದು ಅಂತ ಒಂದು ನಿಯಮ ತರಬೇಕು.

ಹುಬ್ಬಳ್ಳಿ_ಹಸ್ಕರ್ | 20 ನವೆಂಬರ್

ನಾನು ಲಿಂಕನ್‌ನಲ್ಲಿ ಓದಿ ಈಗ ಒಮಾಹಾದಲ್ಲಿ ಕೆಲಸ ಮಾಡುತ್ತಿದ್ದೇನೆ. ಹೊರಗಿನವರಿಗೆ ಗೊತ್ತಾಗದ ಒಂದು ಮಾತು ಹೇಳಬೇಕು. ಈ ರಾಜ್ಯದಲ್ಲಿ ಎನ್‌ಎಫ್‌ಎಲ್ ತಂಡ ಇಲ್ಲ, ಎನ್‌ಬಿಎ ಇಲ್ಲ, ದೊಡ್ಡ ಬೇಸ್‌ಬಾಲ್ ತಂಡ ಇಲ್ಲ. ಇರುವುದು ಹಸ್ಕರ್ಸ್, ಅಂದ್ರೆ ಈ ನೆಬ್ರಾಸ್ಕಾ ಕಾಲೇಜ್ ತಂಡ. ಸ್ಟೇಡಿಯಂನಲ್ಲಿ 1962ರಿಂದ ಒಂದೇ ಒಂದು ಆಟಕ್ಕೂ ಟಿಕೆಟ್ ಉಳಿದಿಲ್ಲ. 3-9 ಆದ ವರ್ಷವೂ ತುಂಬಿತ್ತು.

1969ರಿಂದ 2003ರವರೆಗೆ 35 ವರ್ಷ ಬಿಡದೆ ಬೌಲ್ ಆಡಿದ ತಂಡ ಇದು. ಟಾಮ್ ಓಸ್ಬೋರ್ನ್ 25 ಸೀಸನ್ ಕೋಚ್ ಆಗಿದ್ದರು, ಪ್ರತಿ ಸೀಸನ್‌ನಲ್ಲೂ ಕನಿಷ್ಠ ಒಂಬತ್ತು ಗೆಲುವು. ತಂಡಕ್ಕೆ ಒಟ್ಟು ಐದು ರಾಷ್ಟ್ರೀಯ ಪಟ್ಟ. ಆಮೇಲೆ 9-3 ಸಾಲದು ಅಂತ 2003ರಲ್ಲಿ ಕೋಚ್ ಫ್ರಾಂಕ್ ಸೋಲಿಚ್ ಅವರನ್ನು ತೆಗೆದರು. 2014ರಲ್ಲಿ ಮತ್ತೆ 9-3 ಮಾಡಿದ ಪೆಲಿನಿ ಅವರನ್ನೂ ತೆಗೆದರು. ಇವತ್ತು ಯಾರಾದ್ರೂ 9-3 ಕೊಡುತ್ತೇನೆ ಅಂದ್ರೆ ಊರೇ ಎದ್ದು ಕುಣಿಯುತ್ತದೆ.

2021 ಅಂತೂ ನೆನೆಸಿಕೊಂಡರೆ ಸಂಕಟ. ಒಂಬತ್ತು ಸೋಲು, ಒಂದರಲ್ಲೂ ಅಂತರ ಒಂಬತ್ತು ಪಾಯಿಂಟ್ ದಾಟಿಲ್ಲ. ಪ್ರತಿ ವಾರವೂ ಗೆಲ್ಲುತ್ತೇವೆ ಅನ್ನೋ ಹೊತ್ತಿಗೆ ಏನೋ ಒಂದು ಕೈ ತಪ್ಪುತ್ತಿತ್ತು. ಈ ಊರಿನ ಹೈಸ್ಕೂಲ್ ಹುಡುಗರಿಗೆ ತಮ್ಮ ತಂಡ ಬೌಲ್ ಆಡಿದ್ದು ಸರಿಯಾಗಿ ನೆನಪಿಲ್ಲ. ಅವರ ಅಜ್ಜ ಮಾತ್ರ 71ರಲ್ಲಿ ರಾಷ್ಟ್ರೀಯ ಪಟ್ಟ ಗೆದ್ದ ಕಥೆ ಹೇಳುತ್ತಲೇ ಇರುತ್ತಾರೆ.

ಬ್ಲ್ಯಾಕ್ಸ್‌ಬರ್ಗ್_ಭಟ್ಟ | 20 ನವೆಂಬರ್

ಬೌಲ್ ಸಾಲು ಉಳಿಸಿಕೊಳ್ಳಲು ತಂಡಗಳು ಏನೆಲ್ಲ ಮಾಡುತ್ತವೆ ಗೊತ್ತಾ? 2018ರಲ್ಲಿ ನಮ್ಮ ವರ್ಜೀನಿಯಾ ಟೆಕ್ 4-6 ಇತ್ತು. ಸೆಪ್ಟೆಂಬರ್‌ನಲ್ಲಿ ಫ್ಲಾರೆನ್ಸ್ ಚಂಡಮಾರುತದ ಭಯಕ್ಕೆ ಈಸ್ಟ್ ಕ್ಯಾರೊಲೈನಾ ಬರದೆ ಒಂದು ಆಟ ರದ್ದಾಗಿತ್ತು. ವರ್ಜೀನಿಯಾವನ್ನು ಓವರ್‌ಟೈಮ್‌ನಲ್ಲಿ 34-31 ಸೋಲಿಸಿ 5-6 ಮಾಡಿಕೊಂಡರು. ಆದರೆ ಹನ್ನೆರಡನೇ ಆಟವೇ ಇಲ್ಲ! ಅದಕ್ಕೆ ಮೊದಲೇ ಮಾರ್ಷಲ್ ಜೊತೆ ಮಾತಾಡಿಟ್ಟಿದ್ದರು, ವರ್ಜೀನಿಯಾ ಮೇಲೆ ಗೆದ್ದರೆ ಮಾತ್ರ ಡಿಸೆಂಬರ್ 1ಕ್ಕೆ ಬನ್ನಿ ಅಂತ. ಬಂದರು, 41-20 ಗೆದ್ದೆವು, ಸಾಲು ಉಳಿಯಿತು.

ಇನ್ನೊಂದು ಕೂಡ ಇದೆ. ಕೆಳಗಿನ ದರ್ಜೆಯ ತಂಡದ ಮೇಲೆ ಗೆದ್ದರೆ ವರ್ಷಕ್ಕೆ ಒಂದು ಮಾತ್ರ ಲೆಕ್ಕಕ್ಕೆ. ಆ ತಂಡವೂ ಇಷ್ಟು ಸ್ಕಾಲರ್‌ಶಿಪ್ ಕೊಟ್ಟಿರಬೇಕು. 2017ರಲ್ಲಿ ಫ್ಲೋರಿಡಾ ಸ್ಟೇಟ್ 6-6 ಆದಾಗ, ಡೆಲವೇರ್ ಸ್ಟೇಟ್ ಮೇಲಿನ ಗೆಲುವು ಲೆಕ್ಕಕ್ಕೆ ಬರುತ್ತಾ ಅಂತ ಅಭಿಮಾನಿಗಳೇ ಕೂತು ಸ್ಕಾಲರ್‌ಶಿಪ್ ಲೆಕ್ಕ ತೆಗೆದು ದೊಡ್ಡ ಚರ್ಚೆ ಮಾಡಿದರು. ಕೊನೆಗೆ ಬೌಲ್ ಆಡಿದರು, ಗೆದ್ದರು. ಮರುವರ್ಷ 5-7. ಅಲ್ಲಿಗೆ 36 ವರ್ಷದ ಸಾಲು ಮುಗಿಯಿತು.

ನೆಬ್ರಾಸ್ಕಾಗೆ ಆ ತೊಂದರೆ ಇಲ್ಲ. ನಾರ್ದರ್ನ್ ಅಯೋವಾ ಒಂದೇ ಅಂಥ ತಂಡ.

ಟೆಂಪಿ_ತೇಜು | 20 ನವೆಂಬರ್

ಹೋದ ವರ್ಷ ಅರಿಜೋನಾ ಸ್ಟೇಟ್ ಸೀಸನ್ ಶುರುವಾಗುವ ಮೊದಲೇ ತನ್ನ ಮೇಲೆ ತಾನೇ ಬೌಲ್ ನಿಷೇಧ ಹಾಕಿಕೊಂಡಿತು. ಹಳೇ ಕೋಚ್ ಕಾಲದ ತನಿಖೆ. ಏನೂ ತಪ್ಪು ಮಾಡದ ಹುಡುಗರು ಇಡೀ ವರ್ಷ ಯಾವ ಆಸೆಯೂ ಇಲ್ಲದೆ ಆಡಿದರು, 3-9. ಈ ವರ್ಷ ಬಿಗ್ 12 ಕಾನ್ಫರೆನ್ಸ್‌ನಲ್ಲಿ ಕೊನೇ ಸ್ಥಾನ ಅಂತ ಎಲ್ಲರೂ ಬರೆದಿದ್ದರು. ಈಗ 8-2! ಅದಕ್ಕೇ ಬೌಲ್ ಸುಮ್ನೆ ಅನ್ನುವವರ ಮಾತು ನನಗೆ ಇಷ್ಟವಾಗಲ್ಲ. ಇಲ್ಲದಾಗ ಬೆಲೆ ಗೊತ್ತಾಗುತ್ತೆ.

ಲಿಂಕನ್_ಕನ್ನಡಿಗ | 21 ನವೆಂಬರ್

ಇಲ್ಲಿ ಇನ್ನೊಂದು ಪೇಚಾಟ. ನಮ್ಮ ಕನ್ನಡ ಬಳಗದ ರಾಜ್ಯೋತ್ಸವ ಶನಿವಾರವೇ ಇಟ್ಟಿದ್ದಾರೆ. ಹಾಲ್ ಬೇಸಿಗೆಯಲ್ಲೇ ಬುಕ್ ಆಗಿತ್ತು, ಆಟದ ಹೊತ್ತು ಆಗ ಯಾರಿಗೆ ಗೊತ್ತು. ಆಟ ಮಧ್ಯಾಹ್ನ, ನಮ್ಮ ಕಾರ್ಯಕ್ರಮ ನಾಲ್ಕಕ್ಕೆ. ಏನು ಮಾಡೋದು?

ಜರ್ಸಿ_ಜಯಕ್ಕ | 21 ನವೆಂಬರ್

ಏಳಕ್ಕೆ ಮುಂದೂಡಿ. ಇಲ್ಲದಿದ್ದರೆ ನಾಡಗೀತೆ ಹಾಡೋಕೂ ಜನ ಇರಲ್ಲ.

ಹುಬ್ಬಳ್ಳಿ_ಹಸ್ಕರ್ | 21 ನವೆಂಬರ್

ಜಯಕ್ಕ ಹೇಳಿದ್ದು ಸರಿ. ಅಡುಗೆಯವರಿಗೂ ಹೇಳಿಬಿಡಿ. ಮತ್ತೆ ಬೆಳಿಗ್ಗೆ ಟೇಲ್‌ಗೇಟ್‌ಗೆ (ಆಟಕ್ಕೆ ಮುಂಚೆ ಗಾಡಿಗಳ ಹತ್ತಿರ ಮಾಡುವ ಊಟದ ಕೂಟ) ಬಿಸಿಬೇಳೆಬಾತ್ ಯಾರು ತರುತ್ತಿದ್ದೀರಿ? ಹೋದ ಸಲ ದೊಡ್ಡ ಥರ್ಮಾಸ್‌ನಲ್ಲಿ ತಂದಿದ್ದೆವು, ಖಾರಾಬೂಂದಿ ಬೇರೆ ಡಬ್ಬಿಯಲ್ಲಿ. ಪಕ್ಕದ ಟ್ರಕ್ಕಿನ ಗಂಡ ಹೆಂಡತಿ ಕಾಗದದ ಬಟ್ಟಲು ಹಿಡಿದು ಮೂರು ಸಲ ಬಂದರು. ತಮ್ಮ ಕಡೆಯಿಂದ ಜೋಳ ಸುಟ್ಟು ಕೊಟ್ಟರು. ಆ ಗಂಡಸು 1994ರ ಸೀಸನ್ನಿನ ಒಂದೊಂದೇ ಆಟವನ್ನು ಸ್ಕೋರ್ ಸಮೇತ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಮಲ್ಲೇಶ್ವರಂ_ಮಿಡ್ಲ್‌ಆರ್ಡರ್ | 21 ನವೆಂಬರ್

ಇಲ್ಲಿ ರಾತ್ರಿ ಎರಡು ಗಂಟೆ ಆಗುತ್ತೆ. ಪರವಾಗಿಲ್ಲ, ಅಲಾರಂ ಇಟ್ಟಿದ್ದೇನೆ.

ಡಲ್ಲಾಸ್_ಗೌಡ | 22 ನವೆಂಬರ್

ಎಲ್ಲರೂ ಭಾವನೆ ಮಾತಾಡುತ್ತಿದ್ದೀರಿ, ಆಟದ ಮಾತು ಯಾರೂ ಆಡುತ್ತಿಲ್ಲ. ನೆಬ್ರಾಸ್ಕಾಗೆ ಗೆಲ್ಲಲು ಕಾರಣ ಏನಿದೆ? ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ರೈಯೋಲಾ ಮೊದಲ ವರ್ಷದ ಹುಡುಗ. ಸೀಸನ್ ಮಧ್ಯದಲ್ಲಿ ಪ್ಲೇ ಹೇಳುವವರನ್ನೇ ಬದಲಾಯಿಸಿದ್ದಾರೆ.

ಹುಬ್ಬಳ್ಳಿ_ಹಸ್ಕರ್ | 22 ನವೆಂಬರ್

ಆ ಬದಲಾವಣೆಯೇ ಕಾರಣ. ಪ್ಲೇ ಹೇಳುವ ಕೆಲಸಕ್ಕೆ ಡೇನಾ ಹೋಲ್ಗರ್ಸನ್ ಬಂದು ಆಗಿರೋದು ಒಂದೇ ಆಟ. ಯುಎಸ್‌ಸಿ ಎದುರು ಸೋತರೂ ಚೆಂಡು ಬೇಗ ಕೈಬಿಡುವುದು, ಹತ್ತಿರದ ಪಾಸ್, ಇದೆಲ್ಲ ಕಂಡಿತು. ಹುಡುಗನ ಮೇಲಿನ ಭಾರ ಇಳಿದಿದೆ. ವಿಸ್ಕಾನ್ಸಿನ್ ಕೂಡ ಆಫೆನ್ಸ್‌ನಲ್ಲಿ ಬದಲಾಯಿಸಿದೆ ನಿಜ, ಅವರಿಗೆ ಸಿಕ್ಕಿರೋದು ಆರು ದಿನ. ನಮ್ಮವರಿಗೆ ಸುಮಾರು ಎರಡು ವಾರ. 27-17, ಬರೆದಿಟ್ಟುಕೊಳ್ಳಿ.

ಲಿಂಕನ್_ಕನ್ನಡಿಗ | 23 ನವೆಂಬರ್

44-25!!!!!!

ಆರು! ಆರು! ಆರು!

ಮಲ್ಲೇಶ್ವರಂ_ಮಿಡ್ಲ್‌ಆರ್ಡರ್ | 23 ನವೆಂಬರ್

ಬೆಳಗಿನ ಜಾವ ಐದೂವರೆ. ಅಮ್ಮ ಎದ್ದು ಬಂದು ಯಾರು ಗೆದ್ದರು ಅಂದರು. ನೆಬ್ರಾಸ್ಕಾ ಅಂದೆ. ಅದು ಯಾರು ಅಂದರು. ನಮ್ಮವರು ಅಂದೆ.

ಬ್ಯಾಜರ್_ಭಾಗ್ಯ | 23 ನವೆಂಬರ್

ಅಭಿನಂದನೆ. ಮನಸಾರೆ ಹೇಳುತ್ತಿದ್ದೇನೆ, ಎಂಟು ವರ್ಷ ಕಾದ ಜನ ನೀವು. ನಮಗಿನ್ನು ಮಿನೆಸೋಟಾ ಒಂದೇ ಉಳಿದಿರೋದು, ಅದೃಷ್ಟಕ್ಕೆ ಮ್ಯಾಡಿಸನ್‌ನಲ್ಲೇ.

ಆನ್‌ಆರ್ಬರ್_ರಾಯರು | 24 ನವೆಂಬರ್

ಮಿಚಿಗನ್ 50, ನಾರ್ತ್‌ವೆಸ್ಟರ್ನ್ 6. ಆರು ಆಯಿತು. ಓಹಾಯೊ ಸ್ಟೇಟ್ ಎದುರು ಏನಾಗುತ್ತೋ ಆಗಲಿ.

ಲಿಂಕನ್_ಕನ್ನಡಿಗ | 24 ನವೆಂಬರ್

ನಿನ್ನೆ ರಾಜ್ಯೋತ್ಸವ ಏಳಕ್ಕೇ ಶುರುವಾಯಿತು. ಅರ್ಧ ಜನ ಕೆಂಪು ಜರ್ಸಿಯಲ್ಲೇ ಬಂದರು, ಹೆಗಲ ಮೇಲೆ ಹಳದಿ ಕೆಂಪು ಶಾಲು. ಗಂಟಲು ಕಟ್ಟಿದ್ದರಿಂದ ನಾಡಗೀತೆಯಲ್ಲಿ ಮೇಲಿನ ಸ್ವರ ಯಾರಿಗೂ ಸಿಗಲಿಲ್ಲ. ದಾವಣಗೆರೆಯಿಂದ ಬಂದಿರುವ ನಮ್ಮಪ್ಪ ಮೊದಲ ಸಲ ಸ್ಟೇಡಿಯಂಗೆ ಬಂದಿದ್ದರು. ಎಲ್ಲರೂ ಯಾಕೆ ನಿಂತೇ ನೋಡುತ್ತಾರೆ ಅಂತ ಮೊದಲು ಗೊಣಗಿದರು. ಕೊನೇ ಕ್ವಾರ್ಟರ್‌ಗೆ ಸೀಟಿನ ಮೇಲೆ ಹತ್ತಿ ನಿಂತಿದ್ದರು, ಇಳಿಸೋಕೆ ಇಬ್ಬರು ಬೇಕಾಯಿತು.

ಡಲ್ಲಾಸ್_ಗೌಡ | 24 ನವೆಂಬರ್

ಚೆನ್ನಾಗಿ ಆಡಿದರು. ಅಯೋವಾ ಮಾತ್ರ ಗೆಲ್ಲುತ್ತೆ.

ಹುಬ್ಬಳ್ಳಿ_ಹಸ್ಕರ್ | 29 ನವೆಂಬರ್

13-10. ಮತ್ತೆ 13-10! ಹೋದ ವರ್ಷವೂ ಇದೇ ಸ್ಕೋರ್, ಇದೇ ಅಯೋವಾ, ಇದೇ ಥರ ಕೊನೇ ಕ್ಷಣದ ಫೀಲ್ಡ್ ಗೋಲ್. ಈ ಸಲ 53 ಗಜದಿಂದ ಹೊಡೆದರು. ಆರನೇ ಗೆಲುವು ಮೊದಲೇ ಬಂದಿದ್ದಕ್ಕೆ ಇವತ್ತು ಊಟ ಸೇರಿತು.

ಬ್ಯಾಜರ್_ಭಾಗ್ಯ | 29 ನವೆಂಬರ್

ಮಿನೆಸೋಟಾ 24, ವಿಸ್ಕಾನ್ಸಿನ್ 7. ನಾವು 5-7. 22 ವರ್ಷ, ಇಲ್ಲಿಗೆ ಮುಗಿಯಿತು. ನಾನು ಮ್ಯಾಡಿಸನ್‌ಗೆ ಬಂದಾಗಿನಿಂದ ಡಿಸೆಂಬರ್ ಅಂದ್ರೆ ಬೌಲ್ ಯಾವ ಊರಲ್ಲಿ ಅಂತ ನೋಡೋದು, ಗೆಳತಿಯರ ಜೊತೆ ಕೂತು ಆಟ ನೋಡೋದು. ಈ ವರ್ಷ ಏನು ಮಾಡಬೇಕು ತಿಳಿಯುತ್ತಿಲ್ಲ. ಎಪಿಆರ್ ದಾರಿಯಲ್ಲಿ ಕರೆ ಬರುತ್ತಾ ಭಟ್ಟರೇ?

ಬ್ಲ್ಯಾಕ್ಸ್‌ಬರ್ಗ್_ಭಟ್ಟ | 30 ನವೆಂಬರ್

ಕಷ್ಟ ಭಾಗ್ಯ ಅವರೇ. 82 ಜಾಗವೂ ಆರು ಗೆದ್ದವರಿಂದಲೇ ತುಂಬುವ ಲಕ್ಷಣ ಕಾಣುತ್ತಿದೆ.

ನಮ್ಮದು ಇವತ್ತು ನಡೆಯಿತು. ವರ್ಜೀನಿಯಾ 5-6, ನಾವೂ 5-6. ಗೆದ್ದವರಿಗೆ ಬೌಲ್, ಸೋತವರು ಮನೆಗೆ. 37-17 ನಮ್ಮ ಕಡೆಗೆ.

ಆನ್‌ಆರ್ಬರ್_ರಾಯರು | 30 ನವೆಂಬರ್

ಮಿಚಿಗನ್ 13, ಓಹಾಯೊ ಸ್ಟೇಟ್ 10. ಕೊಲಂಬಸ್‌ನಲ್ಲಿ! ಇವತ್ತು ಇನ್ನೇನೂ ಬರೆಯುವ ಶಕ್ತಿ ಇಲ್ಲ.

ಪರ್ಡ್ಯೂ_ಪುಟ್ಟ | 30 ನವೆಂಬರ್

ಇಂಡಿಯಾನಾ 66, ಪರ್ಡ್ಯೂ 0. 1-11ಕ್ಕೆ ಸೀಸನ್ ಮುಗಿಯಿತು. ಎಲ್ಲರಿಗೂ ಶುಭಾಶಯ.

ಲಿಂಕನ್_ಕನ್ನಡಿಗ | 8 ಡಿಸೆಂಬರ್

ಕರೆ ಬಂತು! ಪಿನ್‌ಸ್ಟ್ರೈಪ್ ಬೌಲ್. ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂ, ಡಿಸೆಂಬರ್ 28, ಎದುರು ಬಾಸ್ಟನ್ ಕಾಲೇಜ್. ವಿಮಾನದ ಟಿಕೆಟ್ ದರ ಒಂದೇ ಗಂಟೆಯಲ್ಲಿ ಏರಿದ್ದು ಕಣ್ಣಾರೆ ನೋಡಿದೆ. ಆದ್ರೂ ಹೋಗುತ್ತಿದ್ದೇವೆ.

ಆಸ್ಟಿನ್_ಆರಾಮ್ | 8 ಡಿಸೆಂಬರ್

ಬೇಸ್‌ಬಾಲ್ ಮೈದಾನದಲ್ಲಿ, ಡಿಸೆಂಬರ್ ಚಳಿಯಲ್ಲಿ, ಬಾಸ್ಟನ್ ಕಾಲೇಜ್ ಜೊತೆ ಆಟ ನೋಡೋಕೆ ಅಷ್ಟು ದುಡ್ಡಾ?

ಲಿಂಕನ್_ಕನ್ನಡಿಗ | 8 ಡಿಸೆಂಬರ್

ಹೌದು.

ಜರ್ಸಿ_ಜಯಕ್ಕ | 8 ಡಿಸೆಂಬರ್

ಹೋಟೆಲ್ ಮಾಡಬೇಡಪ್ಪ, ನಮ್ಮ ಮನೆ ಎಡಿಸನ್‌ನಲ್ಲಿದೆ, ಮೇಲಿನ ರೂಮು ಖಾಲಿ. ಅಪ್ಪನನ್ನೂ ಕರ್ಕೊಂಡು ಬಾ. ಬೆಳಿಗ್ಗೆ ಟ್ರೈನ್‌ನಲ್ಲಿ ಪೆನ್ ಸ್ಟೇಷನ್‌ಗೆ ಹೋಗಿ, ಒಂದು ಬ್ಲಾಕ್ ನಡೆದು ಹೆರಾಲ್ಡ್ ಸ್ಕ್ವೇರ್‌ನಲ್ಲಿ ಡಿ ಸಬ್‌ವೇ ಟ್ರೈನ್ ಹತ್ತಿ 161ನೇ ಬೀದಿಯಲ್ಲಿ ಇಳಿಯಿರಿ. ಅಂದು ಶನಿವಾರ, ಬಿ ಓಡುವುದಿಲ್ಲ, ಅದಕ್ಕೆ ಕಾಯಬೇಡಿ. ಒಳಗೆ ಉಣ್ಣೆ ಬನಿಯನ್ ಹಾಕಿಕೊಳ್ಳಿ. ಅಪ್ಪನಿಗೆ ಮಂಕಿಕ್ಯಾಪ್ ಮರೆಯಬೇಡ.

ನ್ಯಾಶ್‌ವಿಲ್_ನಾಯಕ | 8 ಡಿಸೆಂಬರ್

ವ್ಯಾಂಡರ್‌ಬಿಲ್ಟ್‌ಗೆ ಬರ್ಮಿಂಗ್‌ಹ್ಯಾಮ್ ಬೌಲ್, ಜಾರ್ಜಿಯಾ ಟೆಕ್ ಜೊತೆ. ಕಾರಿನಲ್ಲಿ ಮೂರು ಗಂಟೆ ದಾರಿ. ಪಕ್ಕದ ಮನೆ ಅಜ್ಜ ಈಗಾಗಲೇ ಕಾರು ತೊಳೆಯುತ್ತಿದ್ದಾರೆ.

ಬ್ಲ್ಯಾಕ್ಸ್‌ಬರ್ಗ್_ಭಟ್ಟ | 8 ಡಿಸೆಂಬರ್

ನಮಗೆ ಮೇಯೊ ಬೌಲ್!!! ಮಿನೆಸೋಟಾ ಜೊತೆ, ಷಾರ್ಲೆಟ್‌ನಲ್ಲಿ.

ಬ್ಲ್ಯಾಕ್ಸ್‌ಬರ್ಗ್_ಭಟ್ಟ | 15 ಡಿಸೆಂಬರ್

ಸುದ್ದಿ ನೋಡಿದಿರಾ? ಮಾರ್ಷಲ್ ಇಂಡಿಪೆಂಡೆನ್ಸ್ ಬೌಲ್‌ನಿಂದ ಹಿಂದೆ ಸರಿಯಿತು. ಸನ್ ಬೆಲ್ಟ್ ಕಾನ್ಫರೆನ್ಸ್ ಪಟ್ಟ ಗೆದ್ದ ತಂಡ ಅದು. ಕೋಚ್ ಸದರ್ನ್ ಮಿಸ್ (ಸದರ್ನ್ ಮಿಸ್ಸಿಸ್ಸಿಪ್ಪಿ) ತಂಡಕ್ಕೆ ಹೋದರು, ಹುಡುಗರು ಸಾಲುಗಟ್ಟಿ ಪೋರ್ಟಲ್‌ಗೆ ಹೋದರು, ಆಡಲು ಸಾಕಷ್ಟು ಜನ ಉಳಿಯಲಿಲ್ಲ. ಅವರ ಜಾಗಕ್ಕೆ 5-7 ಇದ್ದ ಲೂಯಿಸಿಯಾನಾ ಟೆಕ್ ಬಂತು.

ಆಸ್ಟಿನ್_ಆರಾಮ್ | 15 ಡಿಸೆಂಬರ್

ನಾನು ಹೇಳಿದ್ದು ಇದನ್ನೇ. ಪಟ್ಟ ಗೆದ್ದವರೇ ಬೇಡ ಅಂದರು.

ಬ್ಯಾಜರ್_ಭಾಗ್ಯ | 15 ಡಿಸೆಂಬರ್

ಬೌಲ್ ಬೇಡ ಅಂತ ಅಲ್ಲ, ಆಡೋಕೆ ಹುಡುಗರೇ ಇರಲಿಲ್ಲ. ದೋಷ ಪೋರ್ಟಲ್ ದಿನಾಂಕದ್ದು. ಆಟಗಳು ಮುಗಿದ ಮೇಲೆ ಜನವರಿಯಲ್ಲಿ ತೆರೆಯಲಿ, ಅರ್ಧ ಸಮಸ್ಯೆ ತಾನಾಗೇ ಹೋಗುತ್ತದೆ. ಸೀಸನ್ ನಡೆಯುತ್ತಿರುವಾಗ ಇಪ್ಪತ್ತು ವರ್ಷದ ಹುಡುಗನಿಗೆ ಈಗಲೇ ಬೇರೆ ಕಾಲೇಜು ಹುಡುಕಿಕೋ, ತಡವಾದರೆ ಜಾಗ ಇಲ್ಲ ಅಂದರೆ ಅವನಾದ್ರೂ ಏನು ಮಾಡುತ್ತಾನೆ? ಮತ್ತೆ ನೋಡಿ, ಲೂಯಿಸಿಯಾನಾ ಟೆಕ್ ಎರಡು ವಾರ ಮುಂಚೆ ಸಾಮಾನು ಕಟ್ಟಿಟ್ಟು ಮನೆಗೆ ಹೋಗಿದ್ದ ತಂಡ. ಕರೆದ ತಕ್ಷಣ ಬಂದರು.

ಡಲ್ಲಾಸ್_ಗೌಡ | 16 ಡಿಸೆಂಬರ್

ಪೋರ್ಟಲ್ ವಿಷಯದಲ್ಲಿ ಭಾಗ್ಯ ಅವರ ಮಾತು ಒಪ್ಪುತ್ತೇನೆ. 5-7 ವಿಷಯದಲ್ಲಿ ಒಪ್ಪಲ್ಲ.

ಲಿಂಕನ್_ಕನ್ನಡಿಗ | 28 ಡಿಸೆಂಬರ್

ನೆಬ್ರಾಸ್ಕಾ 20, ಬಾಸ್ಟನ್ ಕಾಲೇಜ್ 15. 7-6. 2016ರ ನಂತರ ಗೆಲುವು ಜಾಸ್ತಿ ಇರುವ ಮೊದಲ ಸೀಸನ್. ಸಬ್‌ವೇ ತುಂಬ ಕೆಂಪು ಟೋಪಿ. ಅಪ್ಪನಿಗೆ ಯಾರೋ ಅಜ್ಜಿ ತಮ್ಮ ಜೋಳದ ಬ್ಯಾಡ್ಜ್ ಬಿಚ್ಚಿ ಕೊಟ್ಟರು, ಅದು ಸ್ವೆಟರ್ ಮೇಲಿದೆ. ಈಗ ಜಯಕ್ಕನ ಮನೆಯಲ್ಲಿ ಸಾರು ಅನ್ನ ಊಟ ಮಾಡುತ್ತಿದ್ದೇವೆ.

ಜರ್ಸಿ_ಜಯಕ್ಕ | 28 ಡಿಸೆಂಬರ್

ಅಪ್ಪ ಮಂಕಿಕ್ಯಾಪ್ ಇನ್ನೂ ತೆಗೆದಿಲ್ಲ.

ಡಲ್ಲಾಸ್_ಗೌಡ | 29 ಡಿಸೆಂಬರ್

ಅಭಿನಂದನೆ. ಮುಂದಿನ ವರ್ಷ ಅಯೋವಾ ಲಿಂಕನ್‌ಗೇ ಬರುತ್ತದೆ, ಥ್ಯಾಂಕ್ಸ್‌ಗಿವಿಂಗ್ ಮರುದಿನ. ಈಗಲೇ ಹೇಳಿಬಿಡುತ್ತೇನೆ, ಮತ್ತೆ ಅಯೋವಾ.

ಹುಬ್ಬಳ್ಳಿ_ಹಸ್ಕರ್ | 29 ಡಿಸೆಂಬರ್

ಗೌಡ್ರೆ, ನೀವೇ ಬನ್ನಿ ಆ ದಿನ. ಟಿಕೆಟ್ ನಂದು, ಬಿಸಿಬೇಳೆಬಾತ್ ನಂದು. ಸ್ಕೋರ್ ಅಲ್ಲೇ ನೋಡೋಣ.